ಗಡಿಸೀಮೆಯ ಗುರೂಜಿಗೆ ಎಂಥ ತರಬೇತಿ ಬೇಕು? ಒಂಬತ್ತು ಸೂತ್ರಗಳು

ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಶಾಲೆಗೆ ಜೂನ್‌ನಲ್ಲಿ ಕಾಲಿಡುವ ಮಗುವಿಗೆ ಒಂದನೇ ತರಗತಿಯಲ್ಲೇ ಮೂರು ಭಾಷೆ ಎದುರಾಗುತ್ತವೆ. ಕನ್ನಡ ಅದರ ಮಾಧ್ಯಮ. ಇಂಗ್ಲಿಷ್ 2000ದಿಂದ ಮಹಾರಾಷ್ಟ್ರದ ಒಂದನೇ ತರಗತಿಗೇ ಬಂದಿದೆ. ಮರಾಠಿಯನ್ನು 2020ರ ಕಾಯ್ದೆ ಎಲ್ಲ ಶಾಲೆಗಳಲ್ಲೂ ಕಡ್ಡಾಯ ಮಾಡಿದೆ. ರಾಜ್ಯದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿ ಪುಸ್ತಕವನ್ನೇನೋ ಕನ್ನಡದಲ್ಲಿ ಅಚ್ಚು ಹಾಕುತ್ತದೆ, ಆದರೆ ಅದನ್ನು ಕಲಿಸುವ ಗುರೂಜಿ ತರಬೇತಿಗೆ ಹೋದಾಗ ಮರಾಠಿ ಶಾಲೆಯವರ ನಡುವೆ ಕೂತು ಕೇಳಿ ಬರುವುದೇ ಹೆಚ್ಚು. ಮಗ್ಗಗಳ ಊರಾದ ಇಚಲಕರಂಜಿಯಲ್ಲಿ ಇದು ತಿರುವುಮುರುವು: ಬಾಯಿಯವರು (ಶಿಕ್ಷಕಿಯರು) ಮರಾಠಿಯಲ್ಲಿ ಪಾಠ ಮಾಡುತ್ತಾರೆ, ಎದುರಿಗೆ ಕನ್ನಡ, ಹಿಂದಿ ಮನೆಮಾತಿನ ಕೂಸುಗಳು ಕೂತಿರುತ್ತವೆ. ಪುಣೆಯಲ್ಲಿ ಕೂತು ಈ ತರಗತಿಗೆ ಪಾಠ ಕಟ್ಟಲು ಯಾರಿಂದಲೂ ಆಗದು. ಅದನ್ನು ಇಲ್ಲಿಯ ಶಿಕ್ಷಕರೇ ಕಟ್ಟಬೇಕು, ಕಟ್ಟುವ ಕಸುಬನ್ನು ತರಬೇತಿ ಅವರಿಗೆ ಕಲಿಸಬೇಕು.

1. ಪುಸ್ತಕ ಬಿಚ್ಚುವ ಮೊದಲು ಮಕ್ಕಳ ಪಟ್ಟಿ ಬಿಚ್ಚಿ.

ತರಬೇತಿಗೆ ಬರುವ ಪ್ರತಿಯೊಬ್ಬ ಶಿಕ್ಷಕರೂ ತಮ್ಮ ತರಗತಿಯ ಹಾಜರಿ ಪುಸ್ತಕದ ನಕಲು ತರಲಿ. ಪ್ರತಿ ಹೆಸರಿನ ಮುಂದೆ ಮೂರು ಸಂಗತಿ ಬರೆಯಲಿ: ಮನೆಯಲ್ಲಿ ಯಾವ ಮಾತು, ಓಣಿಯಲ್ಲಿ ಯಾವ ಮಾತು, ತಂದೆತಾಯಿಯ ದುಡಿಮೆ ಏನು. ಯಾರ ಮುಂದೆ ಏನೂ ಬರೆಯಲು ಗೊತ್ತಾಗುವುದಿಲ್ಲವೋ ಆ ಮಗುವಿನ ಮನೆಗೆ ಆ ವಾರವೇ ಹೋಗಿಬರಬೇಕು.

2. ಪುಟದಿಂದ ಹೊರಡಬೇಡಿ, ಫಲದಿಂದ ಹಿಂದಕ್ಕೆ ಬನ್ನಿ.

ಟಾಚಣ ವಹಿಯಲ್ಲಿ, ಅಂದರೆ ಪಾಠಯೋಜನೆಯ ಪುಸ್ತಕದಲ್ಲಿ, ‘ಪಾಠ 4, ಪುಟ 17’ ಎಂದು ಬರೆದರೆ ಯೋಜನೆ ಆಗಲಿಲ್ಲ. ಈ ಪಾಠ ಮುಗಿದಾಗ ಮಗು ಏನು ಮಾಡಬಲ್ಲದು ಎಂಬುದನ್ನು ಮೊದಲು ಬರೆಯಿರಿ. ಅದು ಬಂತೋ ಇಲ್ಲವೋ ಎಂದು ಹೇಗೆ ನೋಡುತ್ತೀರಿ ಎಂಬುದು ಎರಡನೆಯದು, ಚಟುವಟಿಕೆ ಮೂರನೆಯದು, ಪುಟದ ಸಂಖ್ಯೆ ಕೊನೆಯದು. ಅಳತೆಯ ಪಾಠವನ್ನೇ ತೆಗೆದುಕೊಳ್ಳಿ. ಇಚಲಕರಂಜಿಯ ಮಗುವಿಗೆ ಮೀಟರು ಗೊತ್ತು, ಅಪ್ಪ ಬಟ್ಟೆ ನೇಯುವುದನ್ನು ಅದು ದಿನಾ ನೋಡುತ್ತದೆ. ಗಡಹಿಂಗ್ಲಜದ ಮಗು ಸಂತೆಯಲ್ಲಿ ಬೆಲ್ಲ, ಮೆಣಸಿನಕಾಯಿ ತೂಗುವುದನ್ನು ಕಂಡಿದೆ. ಇಬ್ಬರೂ ತಲುಪಬೇಕಾದ ಫಲ ಒಂದೇ ಆದರೂ ಒಬ್ಬರ ಪಾಠ ಉದ್ದದಿಂದ, ಇನ್ನೊಬ್ಬರದು ತೂಕದಿಂದ ಶುರುವಾಗಬೇಕು. ಆಯ್ಕೆ ಶಿಕ್ಷಕರದೇ.

3. ಎಣಿಕೆ ಕಲಿಸುವ ಮುನ್ನ ಎರಡೂ ಭಾಷೆಯ ಎಣಿಕೆ ಕೇಳಿಸಿಕೊಳ್ಳಿ.

ನನ್ನ ಮಟ್ಟಿಗೆ ಗಡಿಭಾಗದ ತರಬೇತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ವಿಷಯ ಇದು. ಕನ್ನಡದಲ್ಲಿ ‘ಇಪ್ಪತ್ತೈದು’ ಎಂದರೆ ಮೊದಲು ಇಪ್ಪತ್ತು, ಆಮೇಲೆ ಐದು. ಬರೆಯುವ ಕ್ರಮವೂ ಅದೇ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು ಕೇಳುತ್ತದೆ, ‘ಏಕೋಣತೀಸ’ ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಪಂಚವೀಸ ಎಂದಾಗ ಮಗು 52 ಬರೆದರೆ ಅದು ಕೇಳಿದ ಕ್ರಮದಲ್ಲೇ ಬರೆದಿದೆ, ದಡ್ಡತನ ಅದರಲ್ಲಿಲ್ಲ. 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕ ‘ವೀಸ ಪಾಚ’ ಎಂಬ ಹೊಸ ರೀತಿಯ ಓದನ್ನು ತಂದಾಗ ಮಹಾರಾಷ್ಟ್ರದಲ್ಲಿ ದೊಡ್ಡ ಚರ್ಚೆಯೇ ಎದ್ದಿತು. ಅದರ ಗಣಿತ ಸಮಿತಿಯ ಆಗಿನ ಮುಖ್ಯಸ್ಥೆ, ಗಣಿತಜ್ಞೆ ಮಂಗಲಾ ನಾರಳೀಕರ ಅವರು ಸಮರ್ಥನೆಗೆ ತೋರಿಸಿದ್ದು ಕನ್ನಡದಂಥ ದಕ್ಷಿಣದ ಭಾಷೆಗಳ ಕ್ರಮವನ್ನೇ.

ತರಬೇತಿಯಲ್ಲಿ ಕನ್ನಡ ಶಾಲೆಯ ಗುರೂಜಿ, ಮರಾಠಿ ಶಾಲೆಯ ಬಾಯಿ ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸಿ. ಹತ್ತರ ಕಟ್ಟುಗಳನ್ನೂ ಬಿಡಿ ಕಡ್ಡಿಗಳನ್ನೂ ಕೊಡಿ. 21ರಿಂದ 30ರವರೆಗಿನ ಪಾಠವನ್ನು ಇಬ್ಬರೂ ಸೇರಿ ಕಟ್ಟಲಿ: ಕಡ್ಡಿ ಮೊದಲು, ಕನ್ನಡದ ಹೆಸರು ಆಮೇಲೆ, ಅಂಕಿ ಅದರ ನಂತರ, ಮರಾಠಿಯ ಹೆಸರು ಕೊನೆಗೆ. ಕನ್ನಡ ಬಲ್ಲ ಮಗುವಿಗೆ ಇಲ್ಲಿ ಇರುವ ಅನುಕೂಲ ಅದರ ಶಿಕ್ಷಕರಿಗೆ ಮೊದಲು ಗೊತ್ತಾಗಬೇಕು. ಗೊತ್ತಾದ ದಿನ ಅವರು ಮಗುವಿನ ಮನೆಮಾತನ್ನು ಅಡ್ಡಿ ಎಂದು ನೋಡುವುದು ನಿಲ್ಲುತ್ತದೆ.

4. ಎರಡು ಲಿಪಿಗಳನ್ನು ಜೊತೆಯಲ್ಲಿಟ್ಟು ನೋಡಿ.

ಕ ಖ ಗ ಘ ಕ್ರಮ ಕನ್ನಡ, ಮರಾಠಿ ಎರಡರಲ್ಲೂ ಒಂದೇ. ಳ ಎರಡರಲ್ಲೂ ಇದೆ. ಹ್ರಸ್ವ ಎ, ಒ ಕನ್ನಡದಲ್ಲಿವೆ, ಮರಾಠಿಯ ವರ್ಣಮಾಲೆಯಲ್ಲಿಲ್ಲ. ಕನ್ನಡ ಓದು ಗಟ್ಟಿಯಾದ ಮಗುವಿಗೆ ಮರಾಠಿ ಅಕ್ಷರ ಕಲಿಸುವುದು ಹೊಸ ಕೆಲಸವೇನಲ್ಲ, ಗೊತ್ತಿರುವ ಧ್ವನಿಗೆ ಹೊಸ ರೂಪ ಕೊಟ್ಟರೆ ಸಾಕು. ಎರಡನ್ನೂ ಒಟ್ಟಿಗೆ ಹೇರಿದರೆ ಎರಡೂ ಅರ್ಧಂಬರ್ಧ ಉಳಿಯುತ್ತವೆ.

5. ಭಾಷಣ ಕಡಿಮೆ, ನಿಜವಾದ ಮಕ್ಕಳು ಹೆಚ್ಚು.

ರಾಜ್ಯದಲ್ಲಿ ಕಲಿತವರು ಜಿಲ್ಲೆಗೆ, ಜಿಲ್ಲೆಯವರು ತಾಲ್ಲೂಕಿಗೆ, ತಾಲ್ಲೂಕಿನವರು ಕೇಂದ್ರಕ್ಕೆ (ಶಾಲೆಗಳ ಗುಂಪಿಗೆ) ಹೇಳುತ್ತಾ ಬರುವ ಪದ್ಧತಿಯಲ್ಲಿ ಮೆಟ್ಟಿಲಿಗೊಂದಿಷ್ಟು ಸತ್ವ ಸೋರುತ್ತದೆ. ಕೊನೆಗೆ ಶಾಲೆಗೆ ತಲುಪುವುದು ಸ್ಲೈಡುಗಳ ಸಾರಾಂಶ. ಇದಕ್ಕೆ ನಾನು ನಂಬುವ ಮದ್ದು ಒಂದೇ: ಮುಂಜಾನೆ ಎರಡು ತಾಸು ಒಂದು ಶಾಲೆಯ ನಿಜವಾದ ತರಗತಿಯಲ್ಲಿ ಪಾಠ, ಸುತ್ತ ಕೂತ ಶಿಕ್ಷಕರ ಕೈಯಲ್ಲಿ ಹಾಳೆ. ಅವರು ನೋಡಬೇಕಾದದ್ದು ಪಾಠ ಮಾಡುವವರನ್ನಲ್ಲ, ತಮಗೆ ವಹಿಸಿದ ಒಂದೇ ಒಂದು ಮಗುವನ್ನು. ಅದು ಯಾವಾಗ ತಲೆಯೆತ್ತಿತು, ಎಲ್ಲಿ ತಪ್ಪಿತು, ಪಕ್ಕದವನಿಂದ ಏನು ಕಲಿಯಿತು ಎಂದು ಬರೆದುಕೊಳ್ಳಲಿ. ಮಧ್ಯಾಹ್ನ ಆ ಟಿಪ್ಪಣಿಗಳ ಮೇಲೆಯೇ ಮಾತು. ಮರುದಿನ ಅದೇ ಪಾಠ ತಿದ್ದುಪಡಿಯೊಂದಿಗೆ ಇನ್ನೊಂದು ಶಾಲೆಯಲ್ಲಿ. ತರಬೇತಿ ಕೊಡುವವರೂ ಒಮ್ಮೆ ಆ ಮಕ್ಕಳ ಎದುರು ನಿಲ್ಲಲೇಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ 50 ತಾಸಿನ ವೃತ್ತಿ ಕಲಿಕೆ ಬೇಕೆಂದಿದೆ. ಅದರಲ್ಲಿ ಅರ್ಧವಾದರೂ ಹೀಗೆ ಕಳೆಯಲಿ.

6. ನಾಲ್ಕು ತರಗತಿ, ಇಬ್ಬರು ಶಿಕ್ಷಕರು: ನಲಿ-ಕಲಿಯನ್ನು ನೋಡಿಬನ್ನಿ.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ನೋಡಿ, ಬಂದು ತಮ್ಮ ಮಕ್ಕಳಿಗೆ ತಾವೇ ಕಾರ್ಡು ಬರೆದರು. ಕಲಿಕೆಯ ಏಣಿಯನ್ನು ಮಗು ತನ್ನ ವೇಗದಲ್ಲಿ ಹತ್ತುವ ಆ ನಲಿ-ಕಲಿ ಪದ್ಧತಿ ಮುಂದೆ ಕರ್ನಾಟಕದ ಕನ್ನಡ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಕಾರ್ಡುಗಳು ಕನ್ನಡದಲ್ಲೇ ಇವೆ. ಗಡಿಯಾಚೆ ಕರ್ನಾಟಕದ ಸಂಕೇಶ್ವರ ಗಡಹಿಂಗ್ಲಜದಿಂದ ದೂರವೇನಲ್ಲ, ಅಲ್ಲಿಗೆ ಹೋಗಿ ನೋಡಿಬರಬಹುದು. ಆದರೆ ಕಾರ್ಡು ತಂದು ಹಂಚಿದರೆ ಸಾಲದು, ಶಿಕ್ಷಕರೇ ಕೂತು ಬರೆದದ್ದು ಹೆಗ್ಗಡದೇವನಕೋಟೆಯಲ್ಲಿ ಅದು ಗೆದ್ದ ಕಾರಣಗಳಲ್ಲಿ ದೊಡ್ಡದು. ಹತ್ತು ಕಾರ್ಡನ್ನಾದರೂ ನಿಮ್ಮ ಊರಿನ ಹೊಳೆ, ಹೊಲ, ಜಾತ್ರೆಯ ಮೇಲೆ ಬರೆಯಿರಿ.

7. ವಾರ್ಷಿಕ ಯೋಜನೆಗೆ ಮಳೆ, ಕಬ್ಬು ಗೊತ್ತಿರಲಿ.

2019ರ ಆಗಸ್ಟ್‌ನಲ್ಲಿ ಪಂಚಗಂಗೆ, ಕೃಷ್ಣೆ ಉಕ್ಕಿ ಶಿರೋಳ ತಾಲ್ಲೂಕಿನ ಊರುಗಳನ್ನು ಮುಳುಗಿಸಿದವು, 2021ರಲ್ಲಿ ಮತ್ತೆ. ಹೊಳೆದಂಡೆಯ ಶಾಲೆ ಅಡಿಪಾಯದ ಪಾಠಗಳನ್ನು ಜುಲೈ ಕೊನೆಯೊಳಗೆ ಮುಗಿಸಿ, ಆಗಸ್ಟ್‌ಗೆ ಪುನರಾವರ್ತನೆ ಇಟ್ಟುಕೊಳ್ಳುವುದು ಜಾಣತನ. ದೀಪಾವಳಿಯ ಸುಮಾರಿಗೆ ಕಬ್ಬು ಕಡಿಯಲು ಮರಾಠವಾಡದ ಕುಟುಂಬಗಳು ಮಕ್ಕಳ ಸಮೇತ ಬಂದಿಳಿಯುತ್ತವೆ. ನಡುವೆ ಬಂದು ಸೇರುವ ಆ ಮಕ್ಕಳಿಗೆ ಒಂದು ವಾರದ ಪ್ರವೇಶ ಪಾಠ ಮೊದಲೇ ಸಿದ್ಧವಿರಬೇಕು.

8. ನಮ್ಮ ಜಿಲ್ಲೆಯಲ್ಲೇ ಇರುವ ಆಸ್ತಿಯನ್ನು ಬಳಸಿ.

ಶಾಹೂ ಮಹಾರಾಜರು ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಮತ್ತು ಕಡ್ಡಾಯ ಮಾಡಿದ್ದು 1917ರಲ್ಲಿ. ಕೊಠಾರಿ ಶಿಕ್ಷಣ ಆಯೋಗದ ಸದಸ್ಯ-ಕಾರ್ಯದರ್ಶಿಯಾಗಿದ್ದ ಜೆ. ಪಿ. ನಾಯಕ ಇದೇ ಜಿಲ್ಲೆಯ ಆಜರಾ ತಾಲ್ಲೂಕಿನ ಬಹಿರೇವಾಡಿಯವರು. ಧಾರವಾಡದ ಉಪ್ಪಿನಬೆಟಗೇರಿಯಲ್ಲಿ ಗ್ರಾಮಸೇವೆ ಮಾಡಿದ ಅವರನ್ನು ಎರಡೂ ಭಾಷೆಯವರು ನಮ್ಮವರೆನ್ನಬಹುದು. ಇವರಿಬ್ಬರಿಗಿಂತ ತರಗತಿಗೆ ಹತ್ತಿರದವರು ಲೀಲಾ ಪಾಟೀಲ. ಶಿಕ್ಷಕರಿಗೆ ತರಬೇತಿ ಕೊಡುತ್ತಿದ್ದ ಅವರು 1985ರಲ್ಲಿ ಕೊಲ್ಹಾಪುರದಲ್ಲಿ ಸೃಜನ ಆನಂದ ವಿದ್ಯಾಲಯ ತೆರೆದು, ಹೇಳುತ್ತಿದ್ದುದನ್ನು ಚಿಕ್ಕ ಮಕ್ಕಳ ನಡುವೆ ಮಾಡಿ ತೋರಿಸಿದರು. ತರಬೇತಿಯ ಒಂದು ದಿನ ಇಂಥ ಶಾಲೆಯಲ್ಲಿ ಕಳೆಯಲಿ. ಖಿದ್ರಾಪುರದ ಕೋಪೇಶ್ವರ ದೇಗುಲವೂ ಪಾಠಶಾಲೆಯೇ. ಅಲ್ಲಿಯ ಹಳಗನ್ನಡ ಶಾಸನ, ಕಲ್ಲಿನ ಆನೆಗಳು, ಪಕ್ಕದ ಕೃಷ್ಣೆ ಇಷ್ಟರಿಂದಲೇ ಭಾಷೆ, ಇತಿಹಾಸ, ಪರಿಸರದ ಒಂದು ಇಡೀ ಘಟಕ ಕಟ್ಟಬಹುದು.

9. ತರಬೇತಿ ಮುಗಿದ ಮೂರನೇ ವಾರ ಮತ್ತೆ ಸೇರಿ.

ಕೇಂದ್ರ ಮಟ್ಟದಲ್ಲಿ ಶಿಕ್ಷಣ ಪರಿಷತ್ತು ಸೇರುತ್ತದಲ್ಲ, ಅಲ್ಲಿ ಸುತ್ತೋಲೆ ಓದುವುದನ್ನು ಕಾಲು ತಾಸಿಗೆ ಮುಗಿಸಿ. ಪ್ರತಿ ಶಾಲೆ ತಾನು ಕಟ್ಟಿದ ಒಂದು ಪಾಠ, ಅದರ ಜೊತೆಗೆ ಮೂರು ಮಕ್ಕಳ ವಹಿ ತರಲಿ: ಚೆನ್ನಾಗಿ ಕಲಿತ ಮಗುವಿನದು ಒಂದು, ನಡುವಿನದು ಒಂದು, ಏನೂ ಕಲಿಯದ ಮಗುವಿನದು ಒಂದು. ಮೂರನೆಯ ವಹಿಯ ಮೇಲೆ ಹೆಚ್ಚು ಹೊತ್ತು ಮಾತಾಡಿ. ಕೇಂದ್ರಪ್ರಮುಖರು ಟಾಚಣದ ಸಹಿ ನೋಡುವುದಕ್ಕಿಂತ ಮೊದಲು ಆ ಮೂರನೆಯ ಮಗುವಿನ ಹೆಸರು ಕೇಳಲಿ, ಮುಂದಿನ ತಿಂಗಳು ಶಾಲೆಗೆ ಹೋದಾಗ ಅದರ ಪಕ್ಕದಲ್ಲೇ ಕೂತು ಓದಿಸಲಿ.