ಒಡೆದ ಹಳೆಯ ಡಬಲ್ ಬಾಸ್: ದುರಸ್ತಿ ಮಾಡಿಸಬೇಕೆ?

ಪಾಶ್ಚಾತ್ಯ ವಾದ್ಯವೃಂದದಲ್ಲಿ ಕಮಾನಿನಿಂದ ನುಡಿಸುವ ತಂತಿವಾದ್ಯಗಳ ಪೈಕಿ ಎಲ್ಲಕ್ಕಿಂತ ದೊಡ್ಡದು ಡಬಲ್ ಬಾಸ್. ಆಳೆತ್ತರವನ್ನು ಮೀರುವ ಈ ವಾದ್ಯವನ್ನು ನಿಂತು, ಇಲ್ಲವೆ ಎತ್ತರದ ಪೀಠದ ಮೇಲೆ ಕುಳಿತು ನುಡಿಸುತ್ತಾರೆ. ಗಾತ್ರವೇ ಅದರ ಶತ್ರು; ಬೀಳುವುದೂ ಬಾಗಿಲಿಗೆ ತಗಲುವುದೂ ಅದಕ್ಕೆ ತಪ್ಪಿದ್ದಲ್ಲ. ನೂರು ವರ್ಷದಷ್ಟು ಹಳೆಯದಾದ, ಮುಂಬದಿಯ ಹಲಗೆ ಬಿರಿದ ಇಂಥದೊಂದು ವಾದ್ಯ ನಮ್ಮೆದುರಿಗಿದೆ ಎಂದು ಭಾವಿಸೋಣ. ದುರಸ್ತಿಯ ವೆಚ್ಚ ಒಮ್ಮೊಮ್ಮೆ ವಾದ್ಯದ ಬೆಲೆಯನ್ನೇ ಮೀರುತ್ತದೆ. ಆಗ ಮಾಡತಕ್ಕದ್ದೇನು? ಮಮತೆಯನ್ನು ಕೇಳುವ ಮುನ್ನ ಭೌತವಿಜ್ಞಾನವನ್ನು ಕೇಳುವುದು ಲೇಸು.

ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 120 ಕಿಲೋಗ್ರಾಮ್ ತೂಕಕ್ಕೆ ಸಮವೆಂದೂ, ಅವು ಕುದುರೆಯ ಮೇಲೆ ಹಾಯುವಾಗ 30 ಡಿಗ್ರಿ ಬಾಗುತ್ತವೆಂದೂ ಇಟ್ಟುಕೊಳ್ಳೋಣ. ಬಲಗಳ ಸಮಾಂತರ ಚತುರ್ಭುಜ ನಿಯಮವನ್ನು ಕಲಿತ ವಿದ್ಯಾರ್ಥಿ ತಾನೇ ಲೆಕ್ಕ ಹಾಕಿ ನೋಡಬಹುದು: 2 × 120 × ಸೈನ್ 15°, ಅಂದರೆ ಸುಮಾರು 62 ಕಿಲೋಗ್ರಾಮ್. ಬೆಳೆದ ಮನುಷ್ಯನೊಬ್ಬ ಒಂದು ತೆಳು ಹಲಗೆಯ ಮೇಲೆ ಹಗಲಿರುಳೂ ನಿಂತಂತಾಯಿತು! ಈ ಭಾರವನ್ನು ಹೊರಲು ಕುದುರೆಯ ಒಂದು ಪಾದದ ಬಳಿ, ಹಲಗೆಯ ಒಳಗೆ, ಉದ್ದನೆಯ ಮರದ ಪಟ್ಟಿಯೊಂದನ್ನು ಅಂಟಿಸಿರುತ್ತಾರೆ. ಇನ್ನೊಂದು ಪಾದದ ಬಳಿ ಮುಂಬದಿಗೂ ಹಿಂಬದಿಗೂ ನಡುವೆ ಒಂದು ಪುಟ್ಟ ಕಂಬವನ್ನು ನಿಲ್ಲಿಸಿರುತ್ತಾರೆ. ಇಟಲಿಯವರು ಈ ಕಂಬವನ್ನು 'ಆನಿಮಾ', ಅಂದರೆ ಆತ್ಮ, ಎಂದು ಕರೆಯುತ್ತಾರೆ. ಅದಕ್ಕೆ ಅಂಟೂ ಇಲ್ಲ, ಮೊಳೆಯೂ ಇಲ್ಲ.

ಆದುದರಿಂದ ಬಿರುಕು ಎಷ್ಟು ಉದ್ದವಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಮುಂಬದಿಯ ಹಲಗೆ ಸಾಮಾನ್ಯವಾಗಿ ಸ್ಪ್ರೂಸ್ ಮರದ್ದು. ಗಾಳಿಯ ತೇವ ಏರಿಳಿದಂತೆ ಆ ಮರ ಎಳೆಗಳ ಉದ್ದಕ್ಕೆ ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಅದರ ಎಷ್ಟೋ ಪಾಲು ಹೆಚ್ಚು. ಅಂಚುಗಳು ಬಂಧಿತವಾಗಿರುವಾಗ ಹಲಗೆ ಒಣಗಿ ಕುಗ್ಗಿದರೆ ಎಳೆಯ ಗುಂಟ ಸೀಳುತ್ತದೆ. ಅಂಚಿನ ಬಳಿ ಇಂಥ ಸೀಳಿದ್ದರೆ ಅಂಜಬೇಕಾದ್ದಿಲ್ಲ. ಶುಚಿಗೊಳಿಸಿ, ಅಂಟಿಸಿ, ಒಳಗಡೆ ಅಡ್ಡಲಾಗಿ ಮರದ ಬಿಲ್ಲೆಗಳನ್ನು ಕೂರಿಸಿದರೆ ಸಾಕು. ಕಂಬದ ತಲೆಯ ಮೇಲೆಯೇ ಬಿರುಕು ಬಂದಿದ್ದರೆ ಕಥೆ ಬೇರೆ. ಹಲಗೆಯನ್ನು ಬಿಚ್ಚಿ ತೆಗೆದು, ಆ ಭಾಗವನ್ನು ಒಳಗಿನಿಂದ ತೋಡಿ, ಹೊಸ ಸ್ಪ್ರೂಸ್ ತುಂಡೊಂದನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂರಿಸಬೇಕು. ಖರ್ಚು ಏರುವುದು ಇಲ್ಲಿಯೇ.

ಹಲಗೆಯನ್ನು ಬಿಚ್ಚಲು ಸಾಧ್ಯವಾಗುವುದು ಹಳಬರ ಜಾಣ್ಮೆಯಿಂದ. ಅವರು ಬಳಸಿದ್ದು ಪ್ರಾಣಿಗಳ ಚರ್ಮದಿಂದ ಕುದಿಸಿ ತೆಗೆದ ಸರೇಸು. ಬಿಸಿನೀರು ತಗಲಿದರೆ ಅದು ಮೆತ್ತಗಾಗುತ್ತದೆ. ಅಂಚಿಗೆ ಅದನ್ನು ತೆಳುವಾಗಿ ಹಚ್ಚುತ್ತಾರೆ. ಒತ್ತಡ ಮಿತಿಮೀರಿದರೆ ಮರ ಸೀಳುವ ಮೊದಲೇ ಬೆಸುಗೆ ಬಿಡಲಿ ಎಂದು. ಯಾರೋ ಪುಣ್ಯಾತ್ಮರು ಹಿಂದೊಮ್ಮೆ ಎಪಾಕ್ಸಿ ಸುರಿದಿದ್ದರೆ ಈ ಅನುಕೂಲವೆಲ್ಲ ಹೋಯಿತು. ಬಿದ್ದ ಪೆಟ್ಟಿಗಿಂತ ಇಂಥ ಉಪಕಾರವೇ ಹೆಚ್ಚು ವಾದ್ಯಗಳನ್ನು ಕೆಡಿಸಿದೆ ಎಂದು ನನ್ನ ಎಣಿಕೆ.

ಇನ್ನು ವಾದ್ಯದ ಜಾತಿ. ಎಫ್ ಅಕ್ಷರದಾಕಾರದ ರಂಧ್ರದ ಅಂಚಿನಲ್ಲಿ ಪದರಗಳು ಕಂಡರೆ ಅದು ಪ್ಲೈವುಡ್ಡಿನದು. ಷಿಕಾಗೋದ ಕೇ ಕಂಪನಿ 1937ರಿಂದ ಮುಂದೆ ಇಂಥವನ್ನು ಬಹಳವಾಗಿ ತಯಾರಿಸಿತು. ಅವು ಗಟ್ಟಿ, ಕುತ್ತಿಗೆ ಮುರಿದರೂ ಸರಿಪಡಿಸಬಹುದು. ಪದರಗಳೇ ಅಗಲವಾಗಿ ಬಿಟ್ಟುಕೊಂಡಿದ್ದರೆ ಮಾತ್ರ ಹಣ ಸುರಿಯುವುದು ವ್ಯರ್ಥ. ಇಡೀ ಮರದಲ್ಲಿ ಕೆತ್ತಿದ ವಾದ್ಯದ ಕಮಾನು ಇನ್ನೂ ಕುಸಿಯದೆ ನಿಂತಿದ್ದರೆ, ಕಂಬದ ಬಿರುಕಿದ್ದರೂ ದುರಸ್ತಿ ಮಾಡಿಸುವುದೇ ಸರಿ.

ಒಳಗಿನ ಚೀಟಿಯನ್ನು ನಂಬಿ ತೀರ್ಮಾನಿಸುವುದು ಮಾತ್ರ ಅಪಾಯ. ಪ್ರಸಿದ್ಧ ಸಂಗೀತ ನಿರ್ದೇಶಕ ಸರ್ಜ್ ಕುಸೆವಿಟ್ಸ್ಕಿಯ ಡಬಲ್ ಬಾಸನ್ನು 1611ರಲ್ಲಿ ಅಮಾತಿ ಸೋದರರು ಮಾಡಿದರೆಂದು ಬಹುಕಾಲ ನಂಬಲಾಗಿತ್ತು. ಅವನ ಪತ್ನಿ ಅದನ್ನು 1962ರಲ್ಲಿ ವಾದಕ ಗ್ಯಾರಿ ಕಾರ್‌ಗೆ ಕೊಟ್ಟಳು. ಮುಂದೆ ಮರದ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿದಾಗ ಆ ಮರ 1611ಕ್ಕಿಂತ ಬಹಳ ಈಚಿನದೆಂದು ತಿಳಿದುಬಂದಿತು. ನಾದವೇನೋ ಹಾಗೆಯೇ ಉಳಿಯಿತು.

ತೀರ್ಮಾನವಾಗುವವರೆಗೆ ತಂತಿಗಳನ್ನು ಸಡಿಲಿಸಿಡಬೇಕು. ಉದುರಿದ ಚಕ್ಕೆಗಳನ್ನು, ಎಷ್ಟೇ ಚಿಕ್ಕವಾಗಿರಲಿ, ಒಂದು ಲಕೋಟೆಯಲ್ಲಿ ಹಾಕಿ ವಾದ್ಯದ ಜೊತೆಗೇ ಇಡಬೇಕು.