ಏರುದಾರಿಯಲ್ಲಿ ಕಾರಿನ ವೇಗೋತ್ಕರ್ಷ

ಮುಂಬಯಿಯಿಂದ ಪುಣೆಗೆ ಹೋಗುವ ಹಳೆಯ ಹೆದ್ದಾರಿಯು ಖೋಪೋಲಿಯನ್ನು ದಾಟಿದೊಡನೆ ಬೋರ್ ಘಾಟಿನ ಏರನ್ನು ಹಿಡಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಚುರುಕಾಗಿ ಓಡುತ್ತಿದ್ದ ಚಿಕ್ಕ ಕಾರು, ಐದು ಮಂದಿಯನ್ನೂ ಅವರ ಸಾಮಾನನ್ನೂ ಹೊತ್ತು ಇಂತಹ ಏರಿನಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಹೊರಟು, ಅರ್ಧದಲ್ಲಿಯೇ ಬಸವಳಿಯುವುದುಂಟು. ಎಂಜಿನು ಕೆಟ್ಟಿರಬೇಕೆಂದು ಚಾಲಕನು ಭಾವಿಸುತ್ತಾನೆ. ಬಹುಪಾಲು ಅದು ಸುಸ್ಥಿತಿಯಲ್ಲಿಯೇ ಇರುತ್ತದೆ. ಗೇರು ಮತ್ತು ಭಾರಗಳ ಲೆಕ್ಕವನ್ನು ಅವನು ಮಾಡಿರುವುದಿಲ್ಲ.

ಎಂಜಿನು ತನ್ನ ದಂಡವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎಂದು ಹೆಸರು. ಉದ್ದ ಹಿಡಿಯ ಸ್ಪ್ಯಾನರಿನಿಂದ ಬಿಗಿಯಾದ ನಟ್ಟು ಸುಲಭವಾಗಿ ಸಡಿಲುವುದು ಇದೇ ತತ್ತ್ವದಿಂದ. ಟಾರ್ಕನ್ನು ನ್ಯೂಟನ್-ಮೀಟರುಗಳಲ್ಲಿ ಅಳೆಯುತ್ತಾರೆ. ಮಾರಾಟದ ಜಾಹೀರಾತುಗಳು ಅಶ್ವಶಕ್ತಿಯನ್ನೇ ದಪ್ಪಕ್ಷರಗಳಲ್ಲಿ ಸಾರುತ್ತವೆಯಾದರೂ, ಘಟ್ಟವನ್ನು ಹತ್ತುವವನು ಟಾರ್ಕ್ ಎಷ್ಟು, ಅದು ಎಂಜಿನಿನ ಯಾವ ವೇಗದಲ್ಲಿ ದೊರೆಯುತ್ತದೆ ಎಂಬುದನ್ನೂ ತಿಳಿದಿರುವುದು ಲೇಸು. ಎಂಜಿನು ತೀರ ನಿಧಾನವಾಗಿ ತಿರುಗುತ್ತಿರುವಾಗ ಪೂರ್ಣ ಟಾರ್ಕ್ ಒದಗುವುದಿಲ್ಲ.

ಈ ಟಾರ್ಕನ್ನು ಗೇರುಗಳು ಹಲವು ಪಟ್ಟು ಹೆಚ್ಚಿಸಿ ಚಕ್ರಕ್ಕೆ ಮುಟ್ಟಿಸುತ್ತವೆ. ಆದರೆ ಇದು ಪುಕ್ಕಟೆ ಲಾಭವಲ್ಲ. ಬಲವು ಆರು ಪಟ್ಟಾದರೆ ಚಕ್ರವು ಸುತ್ತುವ ವೇಗವು ಆರರಲ್ಲೊಂದು ಪಾಲಿಗೆ ಇಳಿಯುತ್ತದೆ.

ಒಂದು ಉದಾಹರಣೆಯನ್ನು ನೋಡಬಹುದು. 650 ಕಿಲೋಗ್ರಾಂ ತೂಕದ ಕಾರಿನ ಎಂಜಿನು 60 ನ್ಯೂಟನ್-ಮೀಟರ್ ಟಾರ್ಕ್ ಕೊಡುತ್ತದೆ, ಚಕ್ರದ ತ್ರಿಜ್ಯ 25 ಸೆಂಟಿಮೀಟರ್, ಒಟ್ಟು ಗೇರು ಅನುಪಾತವು ಮೂರನೆಯ ಗೇರಿನಲ್ಲಿ 6, ನಾಲ್ಕನೆಯದರಲ್ಲಿ 4 ಎಂದು ಭಾವಿಸೋಣ. ಘರ್ಷಣೆಯಲ್ಲಿ ಹತ್ತನೆಯ ಒಂದು ಪಾಲು ನಷ್ಟವಾದರೂ ರಸ್ತೆಯ ಮೇಲೆ ಮೂರನೆಯ ಗೇರಿನಲ್ಲಿ ಸುಮಾರು 1,296 ನ್ಯೂಟನ್, ನಾಲ್ಕನೆಯದರಲ್ಲಿ 864 ನ್ಯೂಟನ್ ಬಲ ದೊರೆಯುತ್ತದೆ. ಜನ ಮತ್ತು ಸಾಮಾನು ಸೇರಿ ಒಟ್ಟು ತೂಕ 1,050 ಕಿಲೋಗ್ರಾಂ ಆಗಿದ್ದು, ರಸ್ತೆಯು 20 ಮೀಟರಿಗೆ ಒಂದು ಮೀಟರ್ ಏರುತ್ತಿದ್ದರೆ, ಭೂಮಿಯ ಸೆಳೆತವೊಂದೇ ಸುಮಾರು 515 ನ್ಯೂಟನ್ ಬಲದಿಂದ ಕಾರನ್ನು ಹಿಂದಕ್ಕೆಳೆಯುತ್ತದೆ. ಗಾಳಿ ಮತ್ತು ಟಯರುಗಳ ತಡೆ 200 ನ್ಯೂಟನ್ ಎಂದಿಟ್ಟುಕೊಂಡರೆ ನಾಲ್ಕನೆಯ ಗೇರಿನಲ್ಲಿ ಉಳಿಯುವುದು ಕೇವಲ 149 ನ್ಯೂಟನ್. ಗಂಟೆಗೆ 40 ಕಿಲೋಮೀಟರಿನಿಂದ 60ಕ್ಕೇರಲು ಸುಮಾರು 40 ಸೆಕೆಂಡು ಬೇಕು. ಅಷ್ಟರಲ್ಲಿ ಕಾರು ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ! ಘಟ್ಟದಲ್ಲಿ ತಿರುವಿಲ್ಲದ ಅಷ್ಟು ದಾರಿ ಎಲ್ಲಿದೆ? ಮೂರನೆಯ ಗೇರಿನಲ್ಲಾದರೆ ಸುಮಾರು 10 ಸೆಕೆಂಡು ಸಾಕು. ವಾಸ್ತವದಲ್ಲಿ ಅಂತರವು ಇನ್ನೂ ಹೆಚ್ಚು. ಏಕೆಂದರೆ 40 ಕಿಲೋಮೀಟರ್ ವೇಗದಲ್ಲಿ ನಾಲ್ಕನೆಯ ಗೇರು ಹಾಕಿದ ಈ ಎಂಜಿನು ನಿಮಿಷಕ್ಕೆ 1,700 ಸುತ್ತುಗಳನ್ನಷ್ಟೆ ಸುತ್ತುತ್ತಿದ್ದು, ಪೂರ್ಣ ಟಾರ್ಕನ್ನು ಕೊಡಲಾರದು.

ಇದೇ ಏರಿನಲ್ಲಿ, ಮೂರನೆಯ ಗೇರಿನಲ್ಲಿಯೇ, ಚಾಲಕನೊಬ್ಬನೇ ಇದ್ದರೆ 5 ಸೆಕೆಂಡುಗಳಲ್ಲಿ ಕೆಲಸ ಮುಗಿಯುತ್ತದೆ. ತೂಕ ಹೆಚ್ಚಿದ್ದು ಒಂದೂವರೆ ಪಟ್ಟಿನಷ್ಟು. ಕಾಲ ಹೆಚ್ಚಿದ್ದು ಎರಡು ಪಟ್ಟು. ಏರಿನಲ್ಲಿ ಭಾರವು ಎರಡು ಬಗೆಯಲ್ಲಿ ಸುಂಕ ವಸೂಲು ಮಾಡುತ್ತದೆ: ಹಿಂದಕ್ಕೆಳೆದು ಉಳಿಕೆಯ ಬಲವನ್ನು ಕುಗ್ಗಿಸುತ್ತದೆ, ಅನಂತರ ಆ ಅಲ್ಪ ಬಲದಿಂದ ಹೆಚ್ಚಿನ ದ್ರವ್ಯರಾಶಿಯನ್ನು ತಳ್ಳಬೇಕಾಗುತ್ತದೆ. ಒಬ್ಬನೇ ಓಡಿಸಿ ಕಾರಿನ ಚುರುಕನ್ನು ಅಂದಾಜು ಮಾಡಿಕೊಂಡವನು ಸಂಸಾರಸಮೇತ ಹೊರಟಾಗ ಆ ಅಂದಾಜನ್ನು ನೆಚ್ಚಬಾರದು. ಮುಂದಿನ ದಾರಿ ಕಾಣದ ತಿರುವಿನಲ್ಲಿಯೂ ದಿಬ್ಬದಲ್ಲಿಯೂ ಹಿಂದಿಕ್ಕುವುದು ಹೇಗೂ ನಿಷಿದ್ಧ. ಅನುಮತಿಯಿರುವ ಕಡೆಯಲ್ಲಿ ಕೆಳಗಿನ ಗೇರನ್ನು ಮೊದಲೇ ಹಾಕಿಕೊಳ್ಳಬೇಕು. ಎದುರು ಬದಿಗೆ ನುಗ್ಗಿದ ಮೇಲೆ ಗೇರಿಗಾಗಿ ತಡಕಾಡುವುದು ಅಪಾಯಕರ. ಹವಾನಿಯಂತ್ರಣ ಯಂತ್ರವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಚಿಕ್ಕ ಎಂಜಿನಿಗೆ ಅಷ್ಟು ಹೊರೆ ಇಳಿಯುತ್ತದೆ.

ವಿದ್ಯುತ್ ಕಾರುಗಳ ಮೋಟಾರು ನಿಂತಲ್ಲಿಂದಲೇ ಪೂರ್ಣ ಟಾರ್ಕ್ ಕೊಡಬಲ್ಲುದಾದುದರಿಂದ ಅವುಗಳಲ್ಲಿ ಸಾಮಾನ್ಯವಾಗಿ ಗೇರು ಬದಲಿಸುವ ಪ್ರಸಂಗವಿಲ್ಲ. ಭಾರದ ಲೆಕ್ಕ ಮಾತ್ರ ಅವಕ್ಕೂ ತಪ್ಪದು. ಬ್ಯಾಟರಿಯೇ ನೂರಾರು ಕಿಲೋಗ್ರಾಂ ತೂಗುತ್ತದೆ.

ಖಂಡಾಲದಿಂದ ಮರಳಿ ಇಳಿಯುವಾಗ ಇದೇ ಭಾರವು ಕಾರನ್ನು ಮುಂದಕ್ಕೆ ನೂಕುತ್ತದೆ. ಆಗಲೂ ಕೆಳಗಿನ ಗೇರನ್ನೇ ಹಾಕಿ ಎಂಜಿನಿನ ತಡೆಯಿಂದ ವೇಗವನ್ನು ಹಿಡಿತದಲ್ಲಿಡಬೇಕು. ಬ್ರೇಕನ್ನೇ ಸತತವಾಗಿ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ.