ಗಂಟೆಗೆ 50 ರೂಪಾಯಿ ಎಂಜಿನ್ನಿನ ಪಾಲು

"ಉಗುರು ಆಡ್ಸಿ ನೋಡಿ ಅಣ್ಣ, ಮೆಟ್ಲು ಸಿಕ್ತದೆ" ಎಂದರು ಮೆಕ್ಯಾನಿಕ್. ಅರಸೀಕೆರೆಯ ಗ್ಯಾರೇಜಿನಲ್ಲಿ ನಮ್ಮ ಟ್ರ್ಯಾಕ್ಟರಿನ ಹೆಡ್ ಇಳಿಸಿಟ್ಟಿದ್ದರು. ಲೈನರಿನ ಒಳಗೋಡೆಯ ಮೇಲೆ ಹೆಬ್ಬೆರಳಿನ ಉಗುರನ್ನು ಕೆಳಗಿನಿಂದ ಮೇಲಕ್ಕೆ ಎಳೆದೆ. ಬಾಯಿಗೆ ಇನ್ನೇನು ಅರ್ಧ ಅಂಗುಲ ಇದೆ ಎನ್ನುವಾಗ ಉಗುರು ತಡೆದು ನಿಂತಿತು. ವರ್ಷಗಟ್ಟಲೆ ಪಿಸ್ಟನ್ ರಿಂಗು ಓಡಾಡಿ ಗೋಡೆ ಸವೆದಿತ್ತು. ರಿಂಗು ಮುಟ್ಟದ ಜಾಗ ಮಾತ್ರ ಮೆಟ್ಟಿಲಾಗಿ ಉಳಿದಿತ್ತು.

ನಮ್ಮದು ಹಳೇಬೀಡಿನ ಹತ್ತಿರದ ಹೊಲ. ಜೋಳ, ಆಲೂಗೆಡ್ಡೆ, ಒಂದಿಷ್ಟು ತೆಂಗು. 35 ಎಚ್‌ಪಿಯ ಎಚ್‌ಎಂಟಿ ಟ್ರ್ಯಾಕ್ಟರ್ ಅಪ್ಪ 1996ರಲ್ಲಿ ತಂದದ್ದು. ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ, 1971ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ ಜೆಟೋರ್ ತಂತ್ರಜ್ಞಾನದ ಟ್ರ್ಯಾಕ್ಟರ್ ಮಾಡಲು ಶುರು ಮಾಡಿತು. 2016ರಲ್ಲಿ ಆ ವಿಭಾಗ ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಹಾಗಾಗಿ ನಮ್ಮಂಥವರಿಗೆ ಈಗ ಬಿಡಿಭಾಗದ ಅಂಗಡಿ ಮತ್ತು ಹಳೆಯ ಮೆಕ್ಯಾನಿಕ್ಕುಗಳೇ ಕಂಪನಿ.

ಎಂಜಿನ್ ಮುನ್ಸೂಚನೆ ಕೊಟ್ಟಿರಲಿಲ್ಲ ಎಂದಲ್ಲ. ಬೆಳಗಿನ ಚಳಿಗೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬ್ರೀದರ್ ಪೈಪಿನಲ್ಲಿ ಹೊಗೆ. ಹತ್ತು ಗಂಟೆ ಓಡಿದರೆ ಒಂದು ಲೀಟರ್ ಆಯಿಲ್ ಸುರಿಯಬೇಕು. ಎರಡು ವರ್ಷ ಮೊದಲು ಇದಕ್ಕೇ 18 ಸಾವಿರ ಕೊಟ್ಟು ರಿಂಗು ಮಾತ್ರ ಹಾಕಿಸಿದ್ದೆ. ಸವೆದ ಲೈನರ್ ಗುಂಡಗಿರುವುದಿಲ್ಲ, ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಅದರೊಳಗೆ ಹೊಸ ರಿಂಗು ಕೂರುವುದಾದರೂ ಹೇಗೆ? ಒಂದೇ ಹಂಗಾಮಿಗೆ ಹೊಗೆ ಮರಳಿ ಬಂತು. 2024ರ ಮುಂಗಾರಿನಲ್ಲಿ, ಜೋಳ ಬಿತ್ತುವ ಹದದಲ್ಲಿ, ಬೇರೆಯವರ ಹೊಲದ ನಡುವೆ ಗಾಡಿ ನಿಂತಿತು. ಆ ಎರಡು ವಾರದ ಬಾಡಿಗೆ ಪೂರ್ತಿ ಹೋಯಿತು.

ಮುಂದೆ ಮೂರು ದಾರಿ ಇದ್ದವು. ಹೊಸ ಟ್ರ್ಯಾಕ್ಟರ್ ಏಳು ಲಕ್ಷದ ಮೇಲೆ. ಹಳೆಯದನ್ನು ಕೊಟ್ಟು, ಕೈಯಿಂದ ಒಂದಿಷ್ಟು ಹಾಕಿದರೂ ಐದೂವರೆ ಲಕ್ಷ ಸಾಲ. ಶೇ 12 ಬಡ್ಡಿಗೆ ಐದು ವರ್ಷವೆಂದರೆ ಆರು ತಿಂಗಳಿಗೊಮ್ಮೆ ಸುಮಾರು 75 ಸಾವಿರದಂತೆ ಹತ್ತು ಕಂತು. ಬಡ್ಡಿಯೇ ಎರಡು ಲಕ್ಷದ ಹತ್ತಿರ. ನಮ್ಮ ವರ್ಷದ 400 ಗಂಟೆಯ ಕೆಲಸಕ್ಕೆ ಅದು ಹೊರಲಾರದ ಭಾರ.

ಎರಡನೆಯದು, ಗುಜರಿಯಿಂದ 65 ಸಾವಿರಕ್ಕೆ ಇನ್ನೊಂದು ಹಳೆಯ ಎಂಜಿನ್. ಅದು ಎಷ್ಟು ಗಂಟೆ ಓಡಿದೆ ಎಂದು ಹೇಳುವವರಿಲ್ಲ. ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುವುದರಿಂದ, ಬದಲಿಸಿದರೆ ಆರ್‌ಟಿಒ ಕಚೇರಿಯಲ್ಲಿ ದಾಖಲಾಗಬೇಕು. ದಾಖಲೆ ಸರಿಯಿಲ್ಲದ ಎಂಜಿನ್ ಅಗ್ಗಕ್ಕೆ ಸಿಕ್ಕರೂ ಮುಟ್ಟಬಾರದು.

ಮೂರನೆಯದು, ಇದ್ದ ಎಂಜಿನ್ನನ್ನೇ ಪೂರ್ತಿ ಬಿಚ್ಚಿ ಕಟ್ಟುವುದು. ಅದನ್ನೇ ಮಾಡಿಸಿದೆ. ಮೊದಲು ಹೇಳಿದ ಅಂದಾಜು 67 ಸಾವಿರ. ಬಿಚ್ಚಿದ ಮೇಲೆ ಕ್ರ್ಯಾಂಕ್ ಸವೆದದ್ದು ಕಂಡಿತು. ಡೀಸೆಲ್ ಪಂಪಿಗೂ ಕೆಲಸ ಬಂತು. ಕೊನೆಯ ಬಿಲ್ಲು ಹೀಗಿತ್ತು: ಲೈನರ್, ಪಿಸ್ಟನ್, ರಿಂಗ್ ಸೆಟ್ 28 ಸಾವಿರ, ಕ್ರ್ಯಾಂಕ್ ಗ್ರೈಂಡಿಂಗ್, ಬೇರಿಂಗ್ 14 ಸಾವಿರ, ಹೆಡ್ ಮತ್ತು ವಾಲ್ವ್ 12 ಸಾವಿರ, ಪಂಪು, ನಾಜಲ್ 11 ಸಾವಿರ, ಆಯಿಲ್, ಫಿಲ್ಟರ್, ಗ್ಯಾಸ್ಕೆಟ್ 9 ಸಾವಿರ, ಕೂಲಿ 18 ಸಾವಿರ. ಒಟ್ಟು 92 ಸಾವಿರ. ಎಂಜಿನ್ ಬಿಚ್ಚಿಸುವವರು ಅಂದಾಜಿನ ಮೇಲೆ ಮೂರನೇ ಒಂದು ಪಾಲು ಕೈಯಲ್ಲಿ ಹೆಚ್ಚಿಗೆ ಇಟ್ಟುಕೊಂಡೇ ಹೋಗಬೇಕು. ನಡುವೆ ದುಡ್ಡು ಸಾಲದೆ ಬಂದರೆ ಮತ್ತೆ ಅರೆಬರೆ ಕೆಲಸಕ್ಕೆ ಒಪ್ಪಿಕೊಳ್ಳುತ್ತೇವೆ.

ಹಣ ಹೊಂದಿಸುವಾಗ ಮೊದಲು ಕಣ್ಣು ಹೋದದ್ದು ಅಟ್ಟದ ಮೇಲಿನ ಕಾಯಿಗೆ. ಉಂಡೆ ಕೊಬ್ಬರಿಗೆ ಕಾಯಿ ಎಂಟು ಹತ್ತು ತಿಂಗಳಾದರೂ ಅಟ್ಟದಲ್ಲಿ ಒಣಗಬೇಕು. ನಮ್ಮದಕ್ಕೆ ಇನ್ನೂ ನಾಲ್ಕು ತಿಂಗಳಿತ್ತು. ಹಸಿಗಾಯಿ ಇಳಿಸುವುದು ಬೇಡವೆಂದು ಅಮ್ಮ ತಡೆದರು. ಊರಿನ ಕೈಸಾಲ ನೂರಕ್ಕೆ ಮೂರು ರೂಪಾಯಿ. ತಿಂಗಳ ಲೆಕ್ಕ ಅದು, ವರ್ಷಕ್ಕೆ ಶೇ 36. ಅದನ್ನೂ ಬಿಟ್ಟೆ.

ಕಿಸಾನ್ ಕ್ರೆಡಿಟ್ ಕಾರ್ಡಿನ ಮಿತಿ ಲೆಕ್ಕ ಹಾಕುವಾಗ ಬೆಳೆ ಖರ್ಚಿನ ಜೊತೆಗೆ ಕೃಷಿ ಆಸ್ತಿಗಳ ರಿಪೇರಿಗೆಂದೇ ಶೇ 20 ಸೇರಿಸಲು ಅವಕಾಶವಿದೆ. ನಮ್ಮಲ್ಲಿ ಬಹಳ ಜನ ಇದನ್ನು ಕೇಳುವುದೇ ಇಲ್ಲ. ಬಡ್ಡಿ ಶೇ 7, ಹೊತ್ತಿಗೆ ಸರಿಯಾಗಿ ಕಟ್ಟಿದರೆ ಶೇ 4 ಬೀಳುತ್ತದೆ. ಅದರಿಂದ 50 ಸಾವಿರ ಎತ್ತಿದೆ. ಉಳಿದದ್ದಕ್ಕೆ ಬ್ಯಾಂಕಿನಲ್ಲಿ ಒಡವೆ ಇಟ್ಟೆ. ಕಾಯಿ ಒಣಗಿ ಕೊಬ್ಬರಿ ಮಾರಿದ ದಿನವೇ ಒಡವೆ ಮನೆಗೆ ಬಂತು.

ಈಗ ಗಂಟೆಗೆ ಐದು ಲೀಟರ್ ಕುಡಿಯುತ್ತಿದ್ದ ಎಂಜಿನ್ ನಾಲ್ಕಕ್ಕೆ ಇಳಿದಿದೆ. ಡೀಸೆಲ್ ಲೀಟರಿಗೆ 90ರ ಆಸುಪಾಸು. 400 ಗಂಟೆಗೆ 36 ಸಾವಿರ. ಸುರಿಯುತ್ತಿದ್ದ ಆಯಿಲ್ ಲೆಕ್ಕ 12 ಸಾವಿರ. ಎರಡು ವರ್ಷ ಮುಂದೂಡಿದ್ದಕ್ಕೆ ನಾನು ಎಂಜಿನ್ ಕೆಲಸದ ದುಡ್ಡನ್ನು ಹೊಗೆಯಾಗಿಯೇ ಕೊಟ್ಟಿದ್ದೆ.

ಇಂದು ಲೆಕ್ಕ ಹಾಕುವವರು ಹಳೆಯ ಕೊಟೇಶನ್ ನಂಬಬೇಡಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ, ಹಲವು ಬಿಡಿಭಾಗಗಳದ್ದು 18ರಿಂದ 5ಕ್ಕೆ ಇಳಿದಿದೆ.

ಆದರೆ ನಾನು ಕಲಿತ ಪಾಠ ಇದಕ್ಕಿಂತ ಹಿಂದಿನದು. ಬಾಡಿಗೆಗೆ ಹೋದರೆ ಗಂಟೆಗೆ ಸಾವಿರ ಬರುತ್ತಿತ್ತು. ಡೀಸೆಲ್ 450, ಡ್ರೈವರಿಗೆ 150, ಆಯಿಲ್ 30 ಕಳೆದು ಉಳಿದ 370 ನಮ್ಮದೆಂದು ಮನೆಗೆ ತರುತ್ತಿದ್ದೆ. ಅಷ್ಟೂ ನಮ್ಮದಲ್ಲ. ಆ ಒಂದು ಗಂಟೆಯಲ್ಲಿ ಲೈನರ್ ಕೂದಲೆಳೆಯ ಎಷ್ಟೋ ಪಾಲು ಸವೆದಿರುತ್ತದೆ. ಅದರ ಬಿಲ್ಲು ವರ್ಷಗಳ ನಂತರ ಬರುತ್ತದೆ, ಖರ್ಚು ಮಾತ್ರ ಅವತ್ತಿನದೇ.

ಮೆಕ್ಯಾನಿಕ್ ಪ್ರಕಾರ ಈ ಕೆಲಸ 4,000 ಗಂಟೆ ಬರಬೇಕು. 92 ಸಾವಿರವನ್ನು ಹಂಚಿದರೆ ಗಂಟೆಗೆ 23 ರೂಪಾಯಿ. ಟೈರು, ಕ್ಲಚ್ಚು ಸೇರಿಸಿ 50 ಎಂದಿಟ್ಟುಕೊಂಡಿದ್ದೇನೆ. ಕೆಟ್ಟಿದ್ದ ಅವರ್ ಮೀಟರ್ ಬದಲಿಸಿದೆ, ಏಕೆಂದರೆ ಎಣಿಸದೆ ಎತ್ತಿಡಲಾಗುವುದಿಲ್ಲ. 400 ಗಂಟೆಗೆ ವರ್ಷಕ್ಕೆ 20 ಸಾವಿರವಾಗುತ್ತದೆ. ಜೊತೆಗೆ ಒಂದು ಕೆಲಸ ತಪ್ಪಿಸುವುದಿಲ್ಲ. ರೋಟವೇಟರ್ ಧೂಳಿನಲ್ಲಿ ದುಡಿದ ದಿನ ಏರ್ ಕ್ಲೀನರಿನ ಬಟ್ಟಲು ಬಿಚ್ಚಿ, ಕೆಸರಾದ ಆಯಿಲ್ ಚೆಲ್ಲಿ ಹೊಸದು ಹಾಕುತ್ತೇನೆ. ಲೈನರನ್ನು ತಿನ್ನುವುದು ಆ ಧೂಳೇ.

ಕಳೆದ ಬಿತ್ತನೆಯಲ್ಲಿ ಮೀಟರ್ 96 ಗಂಟೆ ತೋರಿಸಿತು. ಬಾಡಿಗೆ ದುಡ್ಡು ಮನೆಗೆ ಬರುವ ಮೊದಲು 4,800 ರೂಪಾಯಿ ಬೇರೆ ಖಾತೆಗೆ ಹೋಯಿತು. ಪಾಸ್‌ಬುಕ್ಕಿನ ಮೇಲೆ ಅಮ್ಮ ತಾವೇ ಬರೆದಿದ್ದಾರೆ: ಗಾಡೀದು.